ನಮ್ಮೊಳಗಿನ ಮೇಲು-ಕೀಳನ್ನು ಹೇಳಿಕೊಂಡರೆ ಸಮುದಾಯಕ್ಕೆ ದ್ರೋಹವಾ?

ಪ್ರಶ್ನೆ: ನಾನು ತುಮಕೂರು ಕಡೆಯವಳು, ಮಾದಿಗ ಸಮುದಾಯದವಳು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಜೊತೆಯಲ್ಲಿ ಕೆಲಸ ಮಾಡುವ ಹುಡುಗನೊಬ್ಬನನ್ನು ಮದುವೆ ಆಗಬೇಕೆಂದಿದ್ದೇನೆ. ಅವನು ಹೊಲೆಯ ಸಮುದಾಯದವನು. ಇಬ್ಬರ ಮನೆಯ ಗೋಡೆಯ ಮೇಲೂ ಅಂಬೇಡ್ಕರ್ ಫೋಟೋ ಇದೆ. ಅವರ ಮನೆಗೆ ಹೋದಾಗ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಟೀ ಬಂತು, ನನಗೆ ಮಾತ್ರ ಪೇಪರ್ ಕಪ್‌ನಲ್ಲಿ. ಆಮೇಲೆ ಅವನ ಅಮ್ಮ ಮದುವೆಗೆ ಒಪ್ಪಲ್ಲ ಅಂದರು. ಅವನ ಅಪ್ಪ ಸಂಘಟನೆಯಲ್ಲಿ ದುಡಿದವರು. "ಇದು ಮನೆ ಮಾತು, ಹೊರಗೆ ಹೇಳಬೇಡ. ಮೇಲ್ಜಾತಿಯವರು ನೋಡಿ ನಗುತ್ತಾರೆ" ಅಂದರು. ತುಳಿಸಿಕೊಂಡ ನಾವೇ ಯಾಕೆ ಹೀಗೆ ಮಾಡುತ್ತೇವೆ? ಇದನ್ನು ಹೇಳಿಕೊಂಡರೆ ನಾನು ದ್ರೋಹ ಮಾಡಿದ ಹಾಗಾ? ಕಾನೂನಿನಲ್ಲಿ ಏನಿದೆ?

ಉತ್ತರ:

ದ್ರೋಹ ಅನ್ನುವ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಪೇಪರ್ ಕಪ್ ಕೊಟ್ಟವರು ನೀವಲ್ಲ. ಕೊಟ್ಟದ್ದನ್ನು ಹೇಳುವವರು ನೀವು. ಕೊಟ್ಟವರನ್ನು ಬಿಟ್ಟು ಹೇಳಿದವರ ಮೇಲೆ ತಪ್ಪು ಹೊರಿಸುವುದನ್ನು ನಾವು ಊರಿನ ಗೌಡರಿಂದ ಕಲಿತಿದ್ದೇವೆ. ಅದನ್ನು ನಮ್ಮ ಮನೆಯೊಳಗೂ ನಡೆಸಿಕೊಂಡು ಬರುವ ಅಗತ್ಯ ಇಲ್ಲ.

ನಾನು ಹುಟ್ಟಿ ಬೆಳೆದದ್ದು ಬಲಗೈ ಕೇರಿಯಲ್ಲಿ, ಅಂದರೆ ಹೊಲೆಯರ ಕೇರಿಯಲ್ಲಿ. ಮಾದಿಗರನ್ನು ಎಡಗೈ ಅನ್ನುತ್ತಾರೆ. ಆಮೇಲೆ ಸಮಾಜಶಾಸ್ತ್ರ ಓದಿದೆ, ಅದನ್ನೇ ಪಾಠ ಮಾಡಿದೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ನಿಮಗೆ ಎಷ್ಟೋ, ನಮ್ಮವರಿಗೂ ಅಷ್ಟೇ.

ನಮ್ಮ ಕೇರಿಯಲ್ಲಿ ಯಾರಾದರೂ ಸತ್ತರೆ ತಮಟೆ ಬಡಿಯಲು ಮಾದಿಗರ ಕೇರಿಯಿಂದ ಬರುತ್ತಿದ್ದರು. ಒಂದಿಷ್ಟು ಹುಲ್ಲು ಗುಡ್ಡೆ ಹಾಕಿ, ಬೆಂಕಿ ಹಚ್ಚಿ, ತಮಟೆ ಕಾಯಿಸುತ್ತಿದ್ದರು. ಇಡೀ ರಾತ್ರಿ ಬಡಿಯುತ್ತಿದ್ದರು. ಬಾಯಾರಿ ನೀರು ಕೇಳಿದರೆ ನಮ್ಮ ಹೆಂಗಸರು ಚೊಂಬನ್ನು ಎತ್ತರಕ್ಕೆ ಹಿಡಿದು ಅವರ ಬೊಗಸೆಗೆ ಹುಯ್ಯುತ್ತಿದ್ದರು. ಚೊಂಬು ಅವರ ಕೈಗೆ ತಾಗಬಾರದು. ಅದೇ ಹೆಂಗಸರು ಊರೊಳಗೆ ಕೂಲಿಗೆ ಹೋದಾಗ ಹಿತ್ತಲಲ್ಲಿ ಕೂತು ಹಾಗೇ ಬೊಗಸೆ ಒಡ್ಡುತ್ತಿದ್ದರು. ಅವರ ಬೊಗಸೆಗೂ ಅಷ್ಟೇ ಎತ್ತರದಿಂದ ನೀರು ಬೀಳುತ್ತಿತ್ತು. ಅಲ್ಲಿ ಪಟ್ಟ ಅವಮಾನ ಇಲ್ಲಿ ನೆನಪಾಗುತ್ತಿರಲಿಲ್ಲವಾ? ನೆನಪಾಗುತ್ತಿತ್ತು ಅಂತಲೇ ನಾನು ಅಂದುಕೊಂಡಿದ್ದೇನೆ. ಆದರೆ ಅಲ್ಲಿ ಕಳೆದುಕೊಂಡ ಮಾನವನ್ನು ಒಂಚೂರಾದರೂ ವಾಪಸ್ ಪಡೆಯಲು ಅವರಿಗೆ ಉಳಿದಿದ್ದ ಜಾಗ ಇದೊಂದೇ.

ಅಂಬೇಡ್ಕರ್ ಇದನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಅವರ ವಾದ ಸರಳ. ಮೇಲಿನವರು, ಕೆಳಗಿನವರು ಅಂತ ಎರಡೇ ಗುಂಪು ಇದ್ದಿದ್ದರೆ ಕೆಳಗಿನವರೆಲ್ಲ ಒಂದಾಗಿ ಏಳುತ್ತಿದ್ದರು. ಜಾತಿ ಹಾಗಿಲ್ಲ. ಇಲ್ಲಿ ಒಂದರ ಕೆಳಗೆ ಒಂದು ಮೆಟ್ಟಿಲು. ತೀರಾ ಕೊನೆಯವರನ್ನು ಬಿಟ್ಟರೆ ಪ್ರತಿಯೊಬ್ಬರಿಗೂ ಕೆಳಗೆ ನೋಡಲು ಯಾರೋ ಒಬ್ಬರು ಇದ್ದಾರೆ. ಹಾಗಾಗಿ ಇಡೀ ವ್ಯವಸ್ಥೆ ಬಿದ್ದುಹೋದರೆ ಕಳೆದುಕೊಳ್ಳಲು ಎಲ್ಲರ ಬಳಿಯೂ ಏನೋ ಒಂದಿಷ್ಟು ಇದೆ. ಹುಡುಗನ ಅಮ್ಮನ ಹತ್ತಿರ ಇರುವುದೂ ಅಷ್ಟೇ, "ನಾವು ಅವರಿಗಿಂತ ಒಂದು ಕೈ ಮೇಲು" ಅನ್ನುವ ಸಮಾಧಾನ. ಅವರನ್ನು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆ ಸಮಾಧಾನದ ಬೆಲೆಯನ್ನು ನೀವು ಕಟ್ಟಬೇಕಾಗಿಲ್ಲ ಅಂತ ಮಾತ್ರ ಹೇಳುತ್ತಿದ್ದೇನೆ.

ಎಡಗೈ-ಬಲಗೈ ಜಗಳ ಎಲ್ಲಿಂದ ಬಂತು ಅಂತ ನಮ್ಮಲ್ಲಿ ಜಾಸ್ತಿ ಜನ ಕೇಳಿಕೊಂಡೇ ಇಲ್ಲ. ಅದು ದಲಿತರು ಹುಟ್ಟುಹಾಕಿದ ಜಗಳವೇ ಅಲ್ಲ. ಒಂದು ಕಾಲಕ್ಕೆ ಮೈಸೂರು ಸೀಮೆ, ತಮಿಳು ಸೀಮೆಯ ಬಹುತೇಕ ಜಾತಿಗಳು ಎರಡು ಪಂಗಡವಾಗಿದ್ದವು. ವ್ಯಾಪಾರದ ಬಣಜಿಗರು ಬಲಗೈ ಕಡೆ, ಕುಶಲಕರ್ಮಿ ಪಾಂಚಾಳರು ಎಡಗೈ ಕಡೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಎರಡೂ ಪಂಗಡದ ಜಾತಿಗಳ ಪಟ್ಟಿ ಬರೆದುಕೊಂಡಿದ್ದಾನೆ. ಬಲಗೈಯದ್ದು ಹದಿನೆಂಟು ಪಣ, ಎಡಗೈಯದ್ದು ಒಂಬತ್ತು ಪಣ ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದನ್ನೇ. ಯಾರ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು, ಯಾರು ಯಾವ ಬಣ್ಣದ ಬಾವುಟ ಹಿಡಿಯಬೇಕು, ಮದುವೆಯಲ್ಲಿ ಯಾರು ಕುದುರೆ ಹತ್ತಬಹುದು ಅನ್ನುವುದಕ್ಕೆಲ್ಲ ತಲೆ ಒಡೆದಿವೆ. 1707ರಲ್ಲಿ ಮದ್ರಾಸಿನಲ್ಲಿ ಇದೇ ವಿಷಯಕ್ಕೆ ಎಷ್ಟು ದೊಡ್ಡ ಗಲಾಟೆ ಆಯಿತೆಂದರೆ ಕಂಪನಿ ಸರ್ಕಾರ ಬೀದಿಗಳನ್ನೇ ಪಂಗಡಗಳಿಗೆ ಹಂಚಬೇಕಾಯಿತು.

ಇದರಲ್ಲಿ ಹೊಲೆಯರು ಬಲಗೈ ಕಡೆಗೆ, ಮಾದಿಗರು ಎಡಗೈ ಕಡೆಗೆ. ಎರಡೂ ಪಂಗಡಗಳ ತುದಿಯಲ್ಲಿ ವ್ಯಾಪಾರಿಗಳು, ಕುಶಲಕರ್ಮಿಗಳು. ತಳದಲ್ಲಿ ನಾವು. ದೊಡ್ಡವರ ಮರ್ಯಾದೆಗಾಗಿ ಬೀದಿಗೆ ಇಳಿದವರೂ ನಾವೇ. ಕಾಲ ಬದಲಾದ ಮೇಲೆ ಮೇಲಿನ ಜಾತಿಗಳು ಆ ಹಳೇ ಲೆಕ್ಕವನ್ನು ಮರೆತುಬಿಟ್ಟವು. ಇವತ್ತು ಯಾವ ಬಣಜಿಗರ ಹುಡುಗನಿಗೂ ತಾನು ಬಲಗೈ ಅನ್ನುವುದು ಗೊತ್ತಿಲ್ಲ. ಎಡಗೈ-ಬಲಗೈ ಅನ್ನುವ ಹೆಸರು ಉಳಿದುಕೊಂಡಿರುವುದು ದಲಿತರ ಕೇರಿಯಲ್ಲಿ ಮಾತ್ರ. ಬೇರೆಯವರ ಜಗಳವನ್ನು ನಾವು ಆಸ್ತಿಯ ಹಾಗೆ ಇಟ್ಟುಕೊಂಡಿದ್ದೇವೆ ಅನ್ನಿಸಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಅದರ ಜೊತೆಗೆ ಕಸುಬಿನ ಮಾತೂ ಇದೆ. ಸತ್ತ ದನ ಎಳೆಯುವುದು, ಚರ್ಮ ಹದ ಮಾಡುವುದು, ಚಪ್ಪಲಿ ಹೊಲಿಯುವುದು, ಕಪಿಲೆ ಬಾವಿಗೆ ಚರ್ಮದ ಚೀಲ ಮಾಡುವುದು ಮಾದಿಗರ ಪಾಲಿಗೆ ಬಂತು. ಹೊಲೆಯರ ಪಾಲಿಗೆ ಜೀತ, ಕೂಲಿ, ಕುಳವಾಡಿಕೆ. ಎರಡೂ ಊರಿನ ಚಾಕರಿಯೇ. ಆದರೆ "ನಾವು ಚರ್ಮ ಮುಟ್ಟಲ್ಲ" ಅನ್ನುವ ಒಂದು ಗೆರೆಯನ್ನು ನಮ್ಮವರು ಎಳೆದುಕೊಂಡರು. ಇವತ್ತು ನೀವು ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುತ್ತೀರಿ. ನಿಮ್ಮ ಅಜ್ಜನೂ ಚರ್ಮ ಮುಟ್ಟಿರಲಿಕ್ಕಿಲ್ಲ. ಗೆರೆ ಮಾತ್ರ ಅಳಿಸಿಲ್ಲ. ಚರ್ಮ ಮುಟ್ಟುವುದರಲ್ಲಿ ಹೀನ ಆಗುವಂಥದ್ದು ಏನೂ ಇಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. "ನಾವು ಈಗ ಆ ಕೆಲಸ ಮಾಡಲ್ಲ" ಅಂತ ಸಮಜಾಯಿಷಿ ಕೊಡುವ ಕಷ್ಟ ನಿಮಗೆ ಬೇಡ.

ಈಗ "ಮನೆ ಮಾತು ಹೊರಗೆ ಹೋಗಬಾರದು" ಅನ್ನುವುದಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇದು.

ಹುಡುಗನ ಅಪ್ಪನ ಭಯ ಸುಳ್ಳಲ್ಲ. ದಲಿತರ ಒಳಗಿನ ಭೇದದ ಸುದ್ದಿ ಸಿಕ್ಕಿದ ಕೂಡಲೇ "ನೋಡಿ, ಅವರವರೇ ಮಾಡಿಕೊಳ್ಳುತ್ತಾರೆ, ಇನ್ನು ನಮ್ಮನ್ನು ಯಾಕೆ ಬೈಯುತ್ತೀರಿ" ಅನ್ನುವವರು ಇದ್ದಾರೆ. ಅವರಿಗೆ ಕೊಡಬೇಕಾದ ಉತ್ತರವೂ ಇದೆ. ಬಲಗೈಯವರು ಎಡಗೈಯವರಿಗೆ ನೀರು ಮುಟ್ಟಿಸದೆ ಇರಬಹುದು, ಆದರೆ ಊರಿನ ಜಮೀನು, ದೇವಸ್ಥಾನ, ಬಾವಿ, ಪಂಚಾಯ್ತಿ ಯಾವುದೂ ಅವರ ಕೈಯಲ್ಲಿ ಇರಲಿಲ್ಲ. ಯಾರನ್ನಾದರೂ ಊರಿನಿಂದ ಬಹಿಷ್ಕಾರ ಹಾಕುವ ತಾಕತ್ತು ಅವರಿಗೆ ಇರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಆದರೆ ಇದು ಹೊರಗಿನವರಿಗೆ ಕೊಡುವ ಉತ್ತರ. ನಿಮಗೆ ಕೊಡುವ ಉತ್ತರ ಆಗುವುದಿಲ್ಲ. ಒಗ್ಗಟ್ಟಿಗಾಗಿ ಸುಮ್ಮನಿರಿ ಅಂತ ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ನೋಡಿ. ಪ್ರತಿ ಸಲವೂ ಒಂದು ಮೆಟ್ಟಿಲು ಮೇಲಿದ್ದವರು ಕೆಳಗಿದ್ದವರಿಗೆ ಹೇಳುತ್ತಾರೆ. ಒಗ್ಗಟ್ಟು ಎಲ್ಲರದ್ದು, ಅದಕ್ಕಾಗಿ ನುಂಗಿಕೊಳ್ಳುವ ಕೆಲಸ ಮಾತ್ರ ಒಬ್ಬರದ್ದು. ಹಾಗೆ ಕಟ್ಟಿದ ಒಗ್ಗಟ್ಟು ಮದುವೆ ಮಾತು ಬಂದ ದಿನವೇ ಬಿರುಕು ಬಿಡುತ್ತದೆ. ನಿಮ್ಮ ವಿಷಯದಲ್ಲಿ ಆಗಿರುವುದೂ ಅದೇ ಅಲ್ವಾ?

ಹೇಳಿಕೊಂಡವರು ನಿಮಗಿಂತ ಮೊದಲೂ ಇದ್ದರು. 1855ರಲ್ಲಿ ಮುಕ್ತಾ ಸಾಳ್ವೆ ಅನ್ನುವ ಹುಡುಗಿ ಮರಾಠಿಯ ಜ್ಞಾನೋದಯ ಪತ್ರಿಕೆಗೆ ಒಂದು ಪ್ರಬಂಧ ಬರೆದಳು. ಅವಳು ಪುಣೆಯಲ್ಲಿ ಫುಲೆ ದಂಪತಿಯ ಶಾಲೆಯಲ್ಲಿ ಓದುತ್ತಿದ್ದಳು. ಮಾಂಗ ಅನ್ನುವ ಅಸ್ಪೃಶ್ಯ ಜಾತಿಯವಳು. ವಯಸ್ಸು ಹದಿನೈದೂ ಇರಲಿಲ್ಲ. ಪೇಶ್ವೆಗಳ ಕಾಲದ ಕ್ರೌರ್ಯವನ್ನು, ಬ್ರಾಹ್ಮಣರ ದಬ್ಬಾಳಿಕೆಯನ್ನು ನೇರವಾಗಿ ಬರೆದಳು. ಅದರ ನಡುವೆಯೇ, ಅಸ್ಪೃಶ್ಯರೇ ಆದ ಮಹಾರರೂ ಬ್ರಾಹ್ಮಣರನ್ನು ನೋಡಿ ಕಲಿತು ಮಾಂಗರ ನೆರಳು ಬಿದ್ದರೆ ಮೈಲಿಗೆ ಅನ್ನುತ್ತಾರೆ ಅಂತಲೂ ಬರೆದಳು. ಎರಡನ್ನೂ ಒಂದೇ ಉಸಿರಿಗೆ ಹೇಳಿದಳು. ಒಂದನ್ನು ಹೇಳಿದ್ದಕ್ಕೆ ಇನ್ನೊಂದು ಹಗುರ ಆಗಲಿಲ್ಲ. ಇವತ್ತು ಅವಳನ್ನು ದಲಿತ ಬರವಣಿಗೆಯ ಮೊದಲ ಹೆಣ್ಣು ದನಿಗಳಲ್ಲಿ ಒಬ್ಬಳು ಅಂತ ಎಲ್ಲರೂ ನೆನೆಯುತ್ತಾರೆ. ದ್ರೋಹಿ ಅಂತ ಯಾರೂ ಅನ್ನುವುದಿಲ್ಲ.

ಇತ್ತೀಚಿನದ್ದು ಬೇಕಾದರೆ ಗುಜರಾತಿನ ನವಸರ್ಜನ ಸಂಸ್ಥೆಯದ್ದಿದೆ. ದಲಿತರೇ ಕಟ್ಟಿದ ಸಂಸ್ಥೆ ಅದು. 1,589 ಹಳ್ಳಿಗಳಲ್ಲಿ ಅಸ್ಪೃಶ್ಯತೆಯ ಸಮೀಕ್ಷೆ ಮಾಡಿ 2010ರಲ್ಲಿ ವರದಿ ಕೊಟ್ಟರು. ದಲಿತೇತರರು ಮಾಡುವ ಅಸ್ಪೃಶ್ಯತೆಯ ಜೊತೆಗೆ, ದಲಿತ ಜಾತಿಗಳು ತಮ್ಮೊಳಗೆ ಮಾಡುವ ಅಸ್ಪೃಶ್ಯತೆಯನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಿದರು. ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಅದರಿಂದ ಅವರ ಹೋರಾಟದ ಮಾತಿಗೆ ತೂಕ ಬಂತು ಅಂತಲೇ ನನ್ನ ಅಭಿಪ್ರಾಯ.

ಒಳಮೀಸಲಾತಿ ಅಂದರೆ ಪರಿಶಿಷ್ಟ ಜಾತಿಯ ಮೀಸಲಾತಿಯನ್ನು ಅದರೊಳಗಿನ ಜಾತಿಗಳಿಗೆ ಪಾಲು ಮಾಡಿ ಕೊಡುವುದು. ನಮ್ಮ ರಾಜ್ಯದ ಆ ಕಥೆಯಲ್ಲೂ ಇದೇ ಸುಮ್ಮನಿರಿ ಅನ್ನುವ ಮಾತು ಮೂವತ್ತು ವರ್ಷ ಓಡಿದೆ. 1994ರಲ್ಲಿ ಆಂಧ್ರದಲ್ಲಿ ಮಂದ ಕೃಷ್ಣ ಮಾದಿಗ ದಂಡೋರ ಚಳವಳಿ ಶುರು ಮಾಡಿದರು. ಪರಿಶಿಷ್ಟ ಜಾತಿಯ ಪಾಲಿನಲ್ಲಿ ಮಾದಿಗರಿಗೆ ಅವರ ಸಂಖ್ಯೆಗೆ ತಕ್ಕ ಹಾಗೆ ಸಿಗುತ್ತಿಲ್ಲ ಅನ್ನುವುದು ಅವರ ದೂರು. ಆ ಪಾಲನ್ನು ಒಳಜಾತಿಗಳಿಗೆ ಹಂಚಲು ಆಂಧ್ರ ಮಾಡಿದ ಕಾನೂನನ್ನು 2004ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಪರಿಶಿಷ್ಟ ಜಾತಿ ಅಂದರೆ ಒಂದೇ ಗುಂಪು, ಅದನ್ನು ಒಡೆಯುವ ಹಾಗಿಲ್ಲ ಅಂತು. ಕರ್ನಾಟಕದಲ್ಲಿ ಇದನ್ನೇ ಪರಿಶೀಲಿಸಲು 2005ರಲ್ಲಿ ಸದಾಶಿವ ಆಯೋಗ ಬಂತು, 2012ರಲ್ಲಿ ವರದಿ ಕೊಟ್ಟಿತು, ಆ ವರದಿ ವರ್ಷಗಟ್ಟಲೆ ಕಪಾಟಿನಲ್ಲೇ ಕೂತಿತು. ಕೇಳಿದಾಗಲೆಲ್ಲ "ದಲಿತರ ಒಗ್ಗಟ್ಟು ಒಡೆಯುತ್ತೆ" ಅನ್ನುವ ಉತ್ತರ. ನಮ್ಮ ಬಲಗೈಯ ಮುಖಂಡರಲ್ಲೂ ಅನೇಕರು ಹೀಗೆ ಹೇಳಿದರು. ನನಗೆ ಅದು ಯಾವತ್ತೂ ಒಪ್ಪಿಗೆ ಆಗಿಲ್ಲ. ಕೊನೆಗೆ 2024ರ ಆಗಸ್ಟ್ 1ರಂದು ಏಳು ನ್ಯಾಯಮೂರ್ತಿಗಳ ಪೀಠ, ಒಬ್ಬರ ಭಿನ್ನಮತದೊಂದಿಗೆ, ಒಳಮೀಸಲಾತಿ ಕೊಡಬಹುದು ಅಂತ ತೀರ್ಪು ಕೊಟ್ಟಿತು. ರಾಜ್ಯ ಸರ್ಕಾರ ನೇಮಿಸಿದ ನಾಗಮೋಹನ ದಾಸ್ ಆಯೋಗದ ವರದಿ ಬಂದ ಮೇಲೆ 2025ರ ಆಗಸ್ಟ್‌ನಲ್ಲಿ ರಾಜ್ಯ ಸಂಪುಟ 17% ಮೀಸಲಾತಿಯನ್ನು 6, 6, 5 ಅಂತ ಹಂಚಲು ತೀರ್ಮಾನಿಸಿತು. ಎಡಗೈಗೆ 6, ಬಲಗೈಗೆ 6, ಉಳಿದವರಿಗೆ 5.

ಇನ್ನೊಂದು ತೊಡಕೂ ಈ ಹೊತ್ತಿಗೆ ಎದ್ದು ಕಂಡಿತು. ಹಳೇ ಮೈಸೂರು ಕಡೆ ಎರಡೂ ಸಮುದಾಯದವರು ಆದಿ ಕರ್ನಾಟಕ, ಆದಿ ದ್ರಾವಿಡ ಅಂತ ಬರೆಸಿಕೊಂಡಿದ್ದರು. ಅವಮಾನದ ಹೆಸರನ್ನು ಬಿಡಬೇಕು, ಒಂದಾಗಬೇಕು ಅನ್ನುವ ಆಸೆ ಅದರ ಹಿಂದಿತ್ತು. ಒಳ್ಳೆಯ ಆಸೆಯೇ. ಆದರೆ ಕಾಗದದ ಮೇಲೆ ಒಂದೇ ಹೆಸರು, ಹೆಣ್ಣು-ಗಂಡು ತರುವಾಗ ಮಾತ್ರ "ನೀವು ಯಾವ ಕೈ?" ಅನ್ನುವ ಪ್ರಶ್ನೆ. ಹೆಸರು ಬದಲಾಯಿಸಿದ್ದಕ್ಕೆ ನಡವಳಿಕೆ ಬದಲಾಗಲಿಲ್ಲ.

ಆ 6-6-5ರ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ತೀರಾ ಹಿಂದುಳಿದ 59 ಅಲೆಮಾರಿ ಮತ್ತು ಸಣ್ಣ ಸಮುದಾಯಗಳಿಗೆ ಪ್ರತ್ಯೇಕ 1% ಕೊಡಿ ಅಂತ ಆಯೋಗ ಹೇಳಿತ್ತು. ಸಂಪುಟ ಅವರನ್ನು ಲಂಬಾಣಿ, ಭೋವಿ, ಕೊರಮ, ಕೊರಚರ ಜೊತೆ 5%ರ ಗುಂಪಿಗೆ ಸೇರಿಸಿತು. ಅವರು ಬೆಂಗಳೂರಿನಲ್ಲಿ ಧರಣಿ ಕೂತರು. ದೊಡ್ಡ ಸಮುದಾಯಗಳ ಜೊತೆ ಓಡಿ ಗೆಲ್ಲುವುದು ನಮ್ಮಿಂದ ಆಗಲ್ಲ ಅಂದರು. ಮೂವತ್ತು ವರ್ಷ ಮಾದಿಗರು ಹೇಳಿದ್ದೂ ಅದನ್ನೇ. ಎಡಗೈ-ಬಲಗೈ ಎರಡೂ ಕಡೆಯವರು ಅವರ ಜೊತೆ ಇನ್ನೂ ಗಟ್ಟಿಯಾಗಿ ನಿಲ್ಲಬೇಕಿತ್ತು.

ಇಲ್ಲಿ ನಿಮಗೂ ಒಂದು ಮಾತು ಹೇಳಲೇಬೇಕು. ಡಕ್ಕಲಿಗರ ಬಗ್ಗೆ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಮಾದಿಗರ ಹಳೆಮಕ್ಕಳು ಅಂತ ಕರೆಸಿಕೊಳ್ಳುವವರು. ಕಿನ್ನರಿ ನುಡಿಸಿ ಜಾಂಬವ ಪುರಾಣ ಹಾಡುತ್ತಾ, ಮಾದಿಗರ ಕುಲದ ಕಥೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು. ಅವರ ಬಿಡಾರ ಮಾತ್ರ ಮಾದಿಗರ ಕೇರಿಯಿಂದ ಹೊರಗೆ. ಮಾದಿಗರ ಮನೆಯೊಳಗೆ ಅವರು ಬರುವ ಹಾಗಿರಲಿಲ್ಲ. ನಿಮ್ಮ ನೋವು ಸಣ್ಣದು ಅಂತ ತೋರಿಸಲು ಇದನ್ನು ಹೇಳುತ್ತಿಲ್ಲ. "ತುಳಿಸಿಕೊಂಡ ನಾವೇ ಯಾಕೆ ಹೀಗೆ" ಅಂತ ಕೇಳಿದಿರಿ. ತುಳಿಸಿಕೊಂಡರೆ ಮನುಷ್ಯರು ತಾನಾಗಿಯೇ ಒಳ್ಳೆಯವರಾಗುತ್ತಾರೆ ಅಂತ ನಾವು ಅಂದುಕೊಂಡಿದ್ದೇವೆ. ಅನುಭವ ಹಾಗೆ ಹೇಳುವುದಿಲ್ಲ. ಯಾರಾದರೂ ಕೂತು ಹೇಳಿಕೊಡಬೇಕು, ನಾವೂ ಕಲಿಯಬೇಕು.

ಇದು ದಲಿತರದ್ದು ಮಾತ್ರ ಅಂತಲೂ ಅಂದುಕೊಳ್ಳಬೇಡಿ. ಮಂಗಳೂರು ಕಡೆಯ ಕ್ರೈಸ್ತರಲ್ಲಿ ಬಾಮಣ್, ಚಾರೊಡಿ, ಸುದಿರ್ ಅನ್ನುವ ಜಾತಿ ಲೆಕ್ಕ ಮದುವೆ ಹೊತ್ತಿಗೆ ಈಗಲೂ ಹೊರಗೆ ಬರುವುದುಂಟು. ತಮಿಳುನಾಡಿನ ತಿರುಚ್ಚಿಯ ಮೇಲಪುದೂರಿನಲ್ಲಿ ದಲಿತ ಕ್ರೈಸ್ತರ ಸಮಾಧಿಗಳನ್ನು ಬೇರೆ ಮಾಡಲು ಸ್ಮಶಾನದ ನಡುವೆ ಗೋಡೆಯನ್ನೇ ಕಟ್ಟಿದ್ದಾರೆ. ಉತ್ತರ ಕರ್ನಾಟಕದ ಮುಸ್ಲಿಮರಲ್ಲಿ ಹತ್ತಿ ಹಿಂಜುತ್ತಿದ್ದ ಪಿಂಜಾರ, ನದಾಫರ ಮನೆಗೆ ಸೈಯದ್ ಮನೆತನದವರು ಹೆಣ್ಣು ಕೊಡುವುದು ಅಪರೂಪ. ಹೊರಗೆ ಅವರೆಲ್ಲ ಅಲ್ಪಸಂಖ್ಯಾತರೇ, ಏಟು ಬಿದ್ದಾಗ ಎಲ್ಲರಿಗೂ ಬೀಳುತ್ತದೆ.

ಕಾನೂನಿನ ವಿಷಯ. 1989ರ ದೌರ್ಜನ್ಯ ತಡೆ ಕಾಯ್ದೆ ಇಲ್ಲಿ ಬರುವುದಿಲ್ಲ. ಆರೋಪಿ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿರಬಾರದು ಅಂತ ಆ ಕಾಯ್ದೆಯಲ್ಲೇ ಇದೆ. ಆದರೆ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಯಾವುದೇ ರೂಪದಲ್ಲಿ ಇದ್ದರೂ ನಿಷೇಧಿಸುತ್ತದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲೂ ತಪ್ಪು ಮಾಡಿದವರ ಜಾತಿ ಯಾವುದು ಅನ್ನುವ ವಿನಾಯ್ತಿ ಇಲ್ಲ. ಮಾದಿಗರಿಗೆ ಬಾವಿ, ಗುಡಿ, ಹೋಟೆಲ್ಲು ತಡೆದರೆ ತಡೆದವರು ಬಲಗೈಯವರಾದರೂ ಅದು ಅಪರಾಧವೇ. ಮನೆಯೊಳಗಿನ ಪೇಪರ್ ಕಪ್ ಮೇಲೆ ಕೇಸ್ ಹಾಕಿ ಗೆಲ್ಲುವುದು ಕಷ್ಟ. ಆ ದಾರಿ ಹಿಡಿಯಿರಿ ಅಂತ ನಾನು ಹೇಳುವುದಿಲ್ಲ.

ಮದುವೆಗೆ ಕಾನೂನು ಗಟ್ಟಿಯಾಗಿ ನಿಮ್ಮ ಕಡೆ ಇದೆ. ನಿಮಗೆ 18, ಅವನಿಗೆ 21 ತುಂಬಿದ್ದರೆ ಮನೆಯವರ ಒಪ್ಪಿಗೆ ಬೇಕಿಲ್ಲ. 2018ರ ಶಕ್ತಿ ವಾಹಿನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಬೆದರಿಕೆ ಬಂದರೆ ಪೊಲೀಸರು ರಕ್ಷಣೆ ಕೊಡಬೇಕು ಅಂತಲೂ ಹೇಳಿದೆ.

ಆದರೆ ಅದಕ್ಕೂ ಮೊದಲು ನನಗೆ ಒಂದು ವಿಷಯ ತಿಳಿಯಬೇಕು. ಪತ್ರದಲ್ಲಿ ಅಮ್ಮನ ಮಾತಿದೆ, ಅಪ್ಪನ ಮಾತಿದೆ. ಹುಡುಗ ಏನು ಮಾಡಿದ ಅಂತ ನೀವು ಬರೆದಿಲ್ಲ. ಕಪ್ ಬಂದಾಗ ಅವನು ಅಲ್ಲೇ ಕೂತಿದ್ದನಾ? ನೋಡಿದನಾ? ಏನಾದರೂ ಅಂದನಾ? ಅಮ್ಮನನ್ನು ಒಪ್ಪಿಸುವುದು ನಿಮ್ಮ ಕೆಲಸ ಅಲ್ಲ, ಅವನದ್ದು. ಆ ಮನೆಯಲ್ಲಿ ಹುಟ್ಟಿದವನು ಅವನು. ಅಪ್ಪನಿಗೆ ಅವರ ಭಾಷಣದ ಮಾತನ್ನೇ ನೆನಪಿಸಬೇಕಾದವನೂ ಅವನೇ. "ಸ್ವಲ್ಪ ದಿನ ಸಹಿಸಿಕೋ, ಸರಿಹೋಗುತ್ತಾರೆ" ಅಂತ ಅವನು ನಿಮಗೇ ಹೇಳುತ್ತಿದ್ದರೆ ಎಚ್ಚರವಾಗಿರಿ. ಮದುವೆ ಆದ ಮೇಲೆ ಪ್ರತಿ ಹಬ್ಬದಲ್ಲಿ, ಬಾಣಂತನದಲ್ಲಿ, ಅಡುಗೆಮನೆಯಲ್ಲಿ ಆ ಮಾತನ್ನು ನೀವೇ ಕೇಳಬೇಕಾಗುತ್ತದೆ. ಅವನು ನಿಮ್ಮೆದುರೇ, ಅವರ ಮನೆಯಲ್ಲೇ, ಇದು ಅಸ್ಪೃಶ್ಯತೆ ಅಂತ ಬಾಯಿಬಿಟ್ಟು ಹೇಳಲಿ. ಅಮ್ಮ ಅಳಬಹುದು, ಅಪ್ಪ ಎದ್ದು ಹೋಗಬಹುದು. ಹೀಗೆ ಹೇಳಿದ ಮೇಲೆ ಮನೆಯವರು ಬದಲಾದದ್ದನ್ನು ನಾನು ಬೇರೆ ಕಡೆ ಕಂಡಿದ್ದೇನೆ. ಹೇಳದೆ ಬದಲಾದದ್ದನ್ನು ಕಂಡಿಲ್ಲ.

ಅಪ್ಪನ ಹತ್ತಿರ ನೀವೇ ಮಾತಾಡುವುದಾದರೆ ವಾದಕ್ಕೆ ಇಳಿಯಬೇಡಿ. ಅವರು ಬೀದಿಯಲ್ಲಿ ನಿಂತು ಹೋರಾಡಿದವರು, ಆ ಗೌರವ ಇರಲಿ. ಎಡಗೈ ಮನೆಗಳಲ್ಲಿ ಅವರು ಊಟ ಮಾಡಿದ್ದಾರಾ, ತಮ್ಮ ಮನೆಗೆ ಅವರನ್ನು ಊಟಕ್ಕೆ ಕರೆದಿದ್ದಾರಾ ಅಂತ ಕೇಳಿ. ಸಂಘಟನೆಯಲ್ಲಿದ್ದವರು ಕೇರಿ ಕೇರಿಗಳಲ್ಲಿ ಉಂಡಿರುತ್ತಾರೆ. ತಮ್ಮ ಮನೆಯ ಒಲೆಯ ವಿಷಯಕ್ಕೆ ಬಂದಾಗ ಅದನ್ನು ಹೆಂಗಸರಿಗೆ ಬಿಟ್ಟುಬಿಟ್ಟಿರುತ್ತಾರೆ. ನಮ್ಮ ಚಳವಳಿ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಿತು. ಅದಕ್ಕೆ ಅಮ್ಮ ಒಬ್ಬರನ್ನೇ ಹೊಣೆ ಮಾಡುವುದು ಸರಿಯಲ್ಲ.

ಮದುವೆ ಆದರೆ ನಿಮ್ಮ ಮೀಸಲಾತಿ ಗುಂಪು ಬದಲಾಗುವುದಿಲ್ಲ, ಅದು ಹುಟ್ಟಿನಿಂದ ಬರುವಂಥದ್ದು. ಮಕ್ಕಳಿಗೆ ಸಾಮಾನ್ಯವಾಗಿ ತಂದೆಯ ಜಾತಿ ಅಂತ ಹಿಡಿಯುತ್ತಾರೆ. ಆದರೆ ತಾಯಿಯ ಸಮುದಾಯದಲ್ಲಿ ಬೆಳೆದು ಅಲ್ಲಿನ ಕಷ್ಟ ಉಂಡಿದ್ದರೆ ಅದನ್ನು ತೋರಿಸಲು ಅವಕಾಶ ಇದೆ ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪರಿಶಿಷ್ಟ ಜಾತಿಯ ಒಳಪಂಗಡಗಳ ನಡುವೆ ಮದುವೆ ಆದವರಿಗೆ ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನವೂ ಇದೆ. ನಮ್ಮೊಳಗೆ ಗೋಡೆ ಇದೆ ಅಂತ ಸರ್ಕಾರ ಒಪ್ಪಿಕೊಂಡು ದುಡ್ಡು ಇಟ್ಟಿರುವಾಗ, ನೀವು ಅದನ್ನು ಬಾಯಲ್ಲಿ ಹೇಳಿದರೆ ತಪ್ಪೇನೂ ಇಲ್ಲ. ಮದುವೆ ನೋಂದಣಿ ಮಾಡಿಸಿ. ಇಬ್ಬರ ಜಾತಿ ಪ್ರಮಾಣಪತ್ರದಲ್ಲೂ ಮೂಲ ಜಾತಿಯ ಹೆಸರು ಸರಿಯಾಗಿದೆಯಾ ನೋಡಿಕೊಳ್ಳಿ. ಬರೀ ಆದಿ ಕರ್ನಾಟಕ ಅಂತ ಇದ್ದರೆ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಅರ್ಜಿ ಹಾಕಿ.